ಅಂಟಪ್ಪನ ಸಿ.ಡಿ., ಗಂಟಕ್ಕನ ಹಗ್ಗ

ಅಂಟಪ್ಪ ಅಂಟಿಸಿದ್ದು ಕಿತ್ತು ಬಂದ ಚರಿತ್ರೆಯೇ ಇರಲಿಲ್ಲ. ಸೋಪಿನ ಫ್ಯಾಕ್ಟರಿಯ ಲೇಬಲ್ ಸೆಕ್ಷನ್ನಿನಲ್ಲಿ ತಲೆ ನರೆಯುವ ತನಕ ದುಡಿದವನು ಅವನು. ಅಲ್ಲಿನ ಅಂಟು ಎಂದರೆ ಅಂತಿಂಥ ಅಂಟಲ್ಲ. ಒಮ್ಮೆ ಇನ್‌ಸ್ಪೆಕ್ಟರೊಬ್ಬರು ವಾಸನೆ ನೋಡೋಣವೆಂದು ಬಕೆಟ್ಟಿಗೆ ಬಗ್ಗಿ ಮೀಸೆ ತಗಲಿಸಿಕೊಂಡರು. ಬಿಡಿಸುವಷ್ಟರಲ್ಲಿ ಅವರಿಗೆ ವರ್ಗಾವಣೆಯೇ ಆಗಿಹೋಗಿ, ಬಕೆಟ್ ಸಮೇತ ಹೊಸ ಊರಿಗೆ ಹೋಗಿ ಚಾರ್ಜು ತೆಗೆದುಕೊಂಡರು. ನಂಬಿಕೆ ಬಾರದವರು ಆ ಬಕೆಟ್ಟನ್ನೇ ಕೇಳಿಕೊಳ್ಳಬಹುದು, ಅದು ಎಲ್ಲಿದೆಯೋ ನನಗಂತೂ ಗೊತ್ತಿಲ್ಲ.

ಲೇಬಲ್ ಅಂಟಿಸುವುದಕ್ಕೆ ಅಂಟಪ್ಪನದೇ ಒಂದು ಪಟ್ಟು ಇತ್ತು. ಹೆಬ್ಬೆರಳನ್ನು ನಟ್ಟನಡುವೆ ಊರಿ, ಅಲ್ಲಿಂದ ಅಂಚಿನ ಕಡೆಗೆ ಒತ್ತುತ್ತ ಹೋಗುವುದು. ಒಂದು ಗಾಳಿಗುಳ್ಳೆ ಉಳಿದರೂ ಅವನಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಈ ಚಾಳಿ ಫ್ಯಾಕ್ಟರಿಯ ಗೇಟಿನಲ್ಲಿ ನಿಲ್ಲಲಿಲ್ಲ, ಅವನ ಜೊತೆ ಸೈಕಲ್ ಹತ್ತಿಕೊಂಡು ಮನೆಗೂ ಬಂತು. ಉಪ್ಪಿನ ಡಬ್ಬಕ್ಕೆ ಲೇಬಲ್, ಸಕ್ಕರೆ ಡಬ್ಬಕ್ಕೆ ಲೇಬಲ್. ಹಜಾರದ ಸ್ವಿಚ್ಚುಗಳಿಗೆ 'ಫ್ಯಾನು', 'ಲೈಟು', ಯಾವುದಕ್ಕೂ ಸಂಬಂಧವಿಲ್ಲದ ಮೂರನೆಯದಕ್ಕೆ 'ಸುಮ್ಮನೆ'. ಮದುವೆಯಾದ ಹೊಸತರಲ್ಲಿ ಅಳಿಯ ಮಾವನ ಮನೆಗೆ ಬಂದು ಕುರ್ಚಿಯಲ್ಲಿ ತೂಕಡಿಸಿ ಎದ್ದರೆ, ಅಂಗಿಯ ಬೆನ್ನಿಗೆ 'ಒಡೆಯುವ ವಸ್ತು, ಜೋಪಾನ' ಎಂಬ ಚೀಟಿ ಇತ್ತು. ಆ ಅಂಗಿ ಹರಿಯಿತು, ಚೀಟಿ ಮಾತ್ರ ಇನ್ನೂ ಇದೆ.

ಅವನ ಹೆಂಡತಿ ಅದೇ ಫ್ಯಾಕ್ಟರಿಯ ಪ್ಯಾಕಿಂಗ್ ಸೆಕ್ಷನ್ನಿನವಳು. ಅವಳು ದಾರ ಸುತ್ತಿ ಗಂಟು ಹಾಕಿದರೆ ಕತ್ತರಿಯೇ ಸೋತು ಸುಸ್ತಾಗಬೇಕು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಗಂಟಕ್ಕ. ಅಂಟೂ ಗಂಟೂ ಸೇರಿ ಸಂಸಾರವಾದ ಮೇಲೆ ಬಿಡಿಸುವವರು ಯಾರು?

ಇನ್ನು ಆ ಹಗ್ಗದ ಕಥೆ. ಫ್ಯಾಕ್ಟರಿಯಲ್ಲಿ ವರ್ಷಕ್ಕೊಮ್ಮೆ ಸೆಕ್ಷನ್ನು ಸೆಕ್ಷನ್ನುಗಳ ನಡುವೆ ಹಗ್ಗಜಗ್ಗಾಟ ನಡೆಯುತ್ತಿತ್ತು. ಗೆಲ್ಲುವುದು ಯಾವಾಗಲೂ ಲೋಡಿಂಗ್ ಸೆಕ್ಷನ್ನಿನ ಗಂಡಸರೇ. ಅವರ ಮುಂದಾಳು ಆನೆಯಣ್ಣ. ಅವನು ಬರುತ್ತಿದ್ದರೆ ಬಾಗಿಲು ತಾನೇ ಎರಡು ಗೇಣು ಅಗಲವಾಗುತ್ತಿತ್ತು. ಒಂದು ವರ್ಷ ಫೈನಲ್ಲಿನಲ್ಲಿ ಅವರೆದುರು ಪ್ಯಾಕಿಂಗ್ ಸೆಕ್ಷನ್ನಿನ ಹೆಂಗಸರು ಬಂದು ನಿಂತರು. ಸಾಲಿನ ಕೊನೆಯಲ್ಲಿ, ಹಗ್ಗವನ್ನು ನಡುವಿಗೆ ಸುತ್ತಿಕೊಂಡು, ಹಿಮ್ಮಡಿ ನೆಲಕ್ಕೆ ನೆಟ್ಟು, ಗಂಟಕ್ಕ. ಮೊದಲು ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ಎದ್ದು ನಿಂತರು. ಕೊನೆಗೆ ನೋಡಿದರೆ ಲೋಡಿಂಗಿನ ಗಂಡಸರು ಒಬ್ಬರ ಮೇಲೊಬ್ಬರು ಬೋರಲು, ಗೋಡೌನಿನಲ್ಲಿ ಮೂಟೆ ಬಿದ್ದ ಹಾಗೆ!

ಆದರೆ ಬಿದ್ದವನಿಗೆ ಮೀಸೆ ಮಣ್ಣಾಗಿಲ್ಲ ಅಂತ ಹೇಳಿಕೊಳ್ಳುವ ಹಕ್ಕು ಇದ್ದೇ ಇರುತ್ತದಲ್ಲ. ಆನೆಯಣ್ಣ ಎದ್ದವನೇ, "ಮೋಸ! ನಮ್ಮ ಕಡೆ ನೆಲಕ್ಕೆ ಸೋಪು ಸವರಿದ್ದಾರೆ!" ಎಂದು ಕೂಗಿದ. ಸೋಪಿನ ಫ್ಯಾಕ್ಟರಿಯಲ್ಲಿ ಸೋಪಿಲ್ಲದ ನೆಲ ತೋರಿಸು ಎಂದರೆ ಯಾರು ತೋರಿಸುತ್ತಾರೆ? ಗಂಡಸರೆಲ್ಲ ಇತ್ತ, ಹೆಂಗಸರೆಲ್ಲ ಅತ್ತ. ಮ್ಯಾನೇಜರು ಎರಡೂ ಕೈ ಎತ್ತಿಬಿಟ್ಟರು. ಗೆದ್ದವರ ಹೆಸರು ಬರೆಯುವ ಮರದ ಬೋರ್ಡಿನಲ್ಲಿ ಆ ವರ್ಷದ ಮುಂದಿನ ಜಾಗ ಖಾಲಿಯೇ ಉಳಿಯಿತು.

ಅಂಟಪ್ಪ ಆವತ್ತು ಸ್ಟುಡಿಯೋದವನ ಕ್ಯಾಮೆರಾ ಕಡ ತಂದು ಪೂರಾ ಆಟವನ್ನು ಹಿಡಿದಿದ್ದ. ಮನೆಗೆ ಹೊಸದಾಗಿ ಕಂಪ್ಯೂಟರ್ ಬಂದಿದ್ದ ಕಾಲ. ಮನೆಯಲ್ಲೇ ಸಿ.ಡಿ. ಬರೆಯುವುದೆಂದರೆ ಆಗ ದೊಡ್ಡ ಸಂಭ್ರಮ. ಅದು ಬರೆಯುತ್ತಿರುವಾಗ ಮನೆಯಲ್ಲಿ ಯಾರೂ ಜೋರಾಗಿ ನಡೆಯಬಾರದು, ಸೀನಬಾರದು, ಮಿಕ್ಸಿ ಹಾಕಬಾರದು ಎಂದು ಅವನ ಆಜ್ಞೆ. ಎದುರು ಮನೆಯ ಮಗುವಿಗೆ ಬಂದಿದ್ದ ಬಿಕ್ಕಳಿಕೆ ಕೂಡ ಆ ಹೊತ್ತು ನಿಂತಿತ್ತು. ಹೊರಬಂದ ಸಿ.ಡಿ.ಗೆ ಗಂಟಕ್ಕ ಹಗ್ಗ ಹಿಡಿದಿರುವ ಫೋಟೊ ಹಾಕಿದ ದುಂಡನೆಯ ಕಾಗದದ ಲೇಬಲ್ ಪ್ರಿಂಟು ಮಾಡಿದ. ಅಂಗಡಿಯ ಸ್ಟಿಕ್ಕರ್ ಮೇಲೆ ಅವನಿಗೆ ನಂಬಿಕೆಯಿಲ್ಲ. ಸೆಕ್ಷನ್ನಿನಿಂದ ತಂದಿಟ್ಟ ತನ್ನದೇ ಅಂಟು ಬಳಿದು, ಹೆಬ್ಬೆರಳು ನಡುವೆ ಊರಿ, ಅಂಚಿಗೆ ಒತ್ತಿದ. ಒಂದು ಗುಳ್ಳೆ ಇಲ್ಲ! ಇಂಥವು ಎರಡು. ಒಂದು ಶೋಕೇಸಿಗೆ, ಇನ್ನೊಂದು ಮಗಳಿಗೆ. ಆ ಜಗಳದ ಮಾತು ಮತ್ತೆ ಎತ್ತಬಾರದೆಂದು ಮ್ಯಾನೇಜರು ಕಟ್ಟಪ್ಪಣೆ ಮಾಡಿದ್ದರಿಂದ ಫ್ಯಾಕ್ಟರಿಯಲ್ಲಿ ಅದನ್ನು ಯಾರಿಗೂ ತೋರಿಸಲಾಗಲಿಲ್ಲ. ಕ್ಯಾಮೆರಾದ ಟೇಪು ಸ್ಟುಡಿಯೋಗೆ ವಾಪಸು ಹೋಗಿ, ಅದರ ಮೇಲೆ ಯಾರದೋ ಮದುವೆ ಕೂತಿತು. ಕಂಪ್ಯೂಟರೂ ಕಾಲ ಬಂದಾಗ ಗುಜರಿಗೆ ಹೋಯಿತು.

ಈಗ ಗಂಡ ಹೆಂಡಿರಿಬ್ಬರೂ ರಿಟೈರಾಗಿ ಮನೆಯಲ್ಲಿದ್ದಾರೆ. ಬೋರ್ಡು ಹಳೇ ಕೆಲಸಗಾರರ ಕ್ಲಬ್ಬಿನ ಗೋಡೆಗೆ ಬಂದಿದೆ. ಬಣ್ಣ ಮಾಸಿದೆ, ಹೊಸದಾಗಿ ಬರೆಸಬೇಕು ಎಂದು ಮಾತಾಯಿತು. ಕ್ಲಬ್ಬಿನ ಅಧ್ಯಕ್ಷ ಬೇರೆ ಯಾರೂ ಅಲ್ಲ, ಆನೆಯಣ್ಣನೇ.

"ನಡುವೆ ಆ ಖಾಲಿ ಸಾಲು ಬಿದ್ದ ಹಲ್ಲಿನ ಥರ ಕಾಣುತ್ತೆ ಕಣ್ರೋ," ಎಂದ ಆನೆಯಣ್ಣ. "ಭಾನುವಾರ ಪೇಂಟರ್ ಬರ್ತಾನೆ. ಸಾಕ್ಷಿ ಇದ್ದೋರು ತನ್ನಿ. ಇಲ್ಲ ಅಂದ್ರೆ ಅಲ್ಲೂ ಲೋಡಿಂಗ್ ಅಂತಲೇ ಬರೆಸ್ತೀನಿ."

ಅಂಟಪ್ಪ ಕುರ್ಚಿಯಿಂದ ಚೆಂಡಿನ ಹಾಗೆ ಪುಟಿದೆದ್ದ. "ಸಾಕ್ಷಿ ನನ್ನ ಶೋಕೇಸಲ್ಲಿ ಕೂತಿದೆ ಗುರುವೇ! ಲೇಬಲ್ ಹಾಕಿ ಇಟ್ಟಿದ್ದೀನಿ. ನೂರು ವರ್ಷ ಅಲ್ಲಾಡಲ್ಲ!"

ಮನೆಗೆ ಬಂದು ಹೆಂಡತಿಗೆ ಹೇಳಿದ. ಗಂಟಕ್ಕ ಹೆಚ್ಚು ಮಾತಾಡುವವಳಲ್ಲ. ಒರೆಸುತ್ತಿದ್ದ ಪಾತ್ರೆಯನ್ನೇ ಮತ್ತೆ ಮತ್ತೆ ಒರೆಸುತ್ತ, "ಕ್ಲಬ್ಬಿಗೆ ಹೋದಾಗಲೆಲ್ಲ ಆ ಖಾಲಿ ಜಾಗ ನೋಡ್ತೀನಿ ರೀ. ಒಂದು ಸಲ ಅಲ್ಲಿ ನಮ್ಮ ಸೆಕ್ಷನ್ ಹೆಸರು ಓದಬೇಕು ಅಂತ ಆಸೆ. ಅಷ್ಟೇ," ಎಂದಳು. ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ ಆಸೆ ಅದೊಂದೇ ಇರಬೇಕು.

ಶನಿವಾರ ಇಬ್ಬರೂ ಸಿ.ಡಿ. ಹಿಡಿದು ಸ್ಟುಡಿಯೋಗೆ ಹೋದರು. ಊರಿನಲ್ಲಿ ಹಳೇ ಪ್ಲೇಯರ್ ಉಳಿದಿದ್ದು ಅಲ್ಲೇ. ಅಂಟಪ್ಪನನ್ನು ಸಲಿಗೆಯಿಂದ ಮಾವ ಎಂದೇ ಕರೆಯುವ ಸ್ಟುಡಿಯೋದವನು ಸಿ.ಡಿ.ಯನ್ನು ಒಳಗೆ ತಳ್ಳಿದ. ಪ್ಲೇಯರ್ ಒಂದು ಸಲ ಗೊರ್ ಎಂದಿತು, ಆಮೇಲೆ ಗಡಗಡ ನಡುಗಲು ಶುರುವಾಯಿತು. ಮೇಜಿನ ಮೇಲಿದ್ದ ಚಹಾದ ಲೋಟ ತಾನೇ ಹೆಜ್ಜೆ ಹಾಕುತ್ತ ಅಂಚಿಗೆ ಬಂದು, ಗಂಟಕ್ಕ ಹಿಡಿಯದಿದ್ದರೆ ಕೆಳಗೆ ಹಾರುವುದರಲ್ಲಿತ್ತು.

"ಮಾವ, ನಿಮ್ಮ ಲೇಬಲ್ ಒಂದು ಕಡೆ ಉಬ್ಬಿದೆ," ಸ್ಟುಡಿಯೋದವನು ಸಿ.ಡಿ. ಹೊರಗೆ ತೆಗೆದು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ. "ಒಂದು ಕಡೆ ಭಾರ ಜಾಸ್ತಿ. ಇದು ಒಳಗೆ ಗರಗರ ತಿರುಗಬೇಕಲ್ವಾ? ಹಾಗಾಗಿ ಕುಣೀತಿದೆ."

"ಅಷ್ಟೇ ತಾನೆ? ಲೇಬಲ್ ಕಿತ್ತರಾಯ್ತು!"

"ಬೇಡ ಮಾವ, ತಡೀರಿ, ಕೀಳಬೇಡಿ..."

ಅಂಟಪ್ಪನ ಕೈ ಮಾತಿಗಿಂತ ಮುಂದೆ. ಉಗುರು ಸಿಕ್ಕಿಸಿ ಪರ್ರನೆ ಎಳೆದೇಬಿಟ್ಟ. ಅವನು ಅಂಟಿಸಿದ್ದು ಜೀವಮಾನದಲ್ಲಿ ಮೊದಲ ಸಲ ಕಿತ್ತು ಬಂತು. ಒಂಟಿಯಾಗಿ ಬರಲಿಲ್ಲ, ಸಿ.ಡಿ.ಯ ಬೆಳ್ಳಿಯನ್ನೂ ಸಂಸಾರ ಸಮೇತ ಎಬ್ಬಿಸಿಕೊಂಡು ಬಂತು. ಕೈಯಲ್ಲಿ ಉಳಿದದ್ದು ಕನ್ನಡಕದ ಗಾಜಿನಂಥ ಬರೀ ಪ್ಲಾಸ್ಟಿಕ್. ಅದರ ಆಚೆಯಿಂದ ಹೆಂಡತಿಯ ಮುಖ ಸ್ವಚ್ಛವಾಗಿ ಕಾಣುತ್ತಿತ್ತು. ಕಾಣದಿದ್ದರೇ ಚೆನ್ನಾಗಿತ್ತು.

"ಬರಹ ಇರೋದು ಕೆಳಗಡೆ ಹೊಳೆಯೋ ಮೈಯಲ್ಲಿ ಅಂತ ಎಲ್ಲರೂ ಅಂದ್ಕೋತಾರೆ," ಸ್ಟುಡಿಯೋದವನು ಮೆಲ್ಲಗೆ ಹೇಳಿದ. "ಅಲ್ಲ ಮಾವ. ಇರೋದು ಮೇಲ್ಗಡೆ, ಲೇಬಲ್‌ನ ಅಡೀಲೇ. ಮೇಲೆ ಒಂದು ಪೊರೆ ವಾರ್ನಿಷ್, ಅಷ್ಟೇ ಅದಕ್ಕೆ ಹೊದಿಕೆ. ನಿಮ್ಮ ಫ್ಯಾಕ್ಟರಿ ಅಂಟು ಆ ಹೊದಿಕೆಯನ್ನೇ ತಿಂದುಬಿಟ್ಟಿದೆ."

"ಮಗಳ ಹತ್ರ ಇನ್ನೊಂದಿದೆ!" ಎಂದು ಅಂಟಪ್ಪ ಅಲ್ಲಿಂದಲೇ ಫೋನು ಹಚ್ಚಿದ.

"ಅದಾ ಅಪ್ಪಾ? ಇದೆಯಲ್ಲ," ಎಂದಳು ಮಗಳು. "ನಿಮ್ಮ ಅಳಿಯ ಚೆನ್ನಾಗಿ ಹೊಳೆಯುತ್ತೆ ಅಂತ ಕಾರಿನ ಕನ್ನಡಿಗೆ ಕಟ್ಟಿದ್ದಾರೆ. ಹೊಸ ಕಾರು ಬಂದಾಗಲೂ ಬಿಚ್ಚಿ ಅದಕ್ಕೇ ಕಟ್ಟಿದ್ರು, ಅಷ್ಟು ಪ್ರೀತಿ."

ಅಳಿಯ ಕಾರನ್ನೇ ಸ್ಟುಡಿಯೋ ಮುಂದೆ ತಂದು ನಿಲ್ಲಿಸಿದ. ಸಿ.ಡಿ.ಯ ಕೆಳಮೈ ಮೊದಲು ಹಸಿರು ಹೊಳಪಿನದು, ಈಗ ತೊಳೆದು ತೊಳೆದು ಬಣ್ಣ ಬಿಟ್ಟ ಬಟ್ಟೆಯ ಹಾಗೆ ಬಿಳಿಚಿಕೊಂಡಿತ್ತು. ಪ್ಲೇಯರ್ ಅದನ್ನು ಒಳಗೆ ತೆಗೆದುಕೊಂಡು, ಸ್ವಲ್ಪ ಯೋಚಿಸಿ, ಸಿ.ಡಿ.ಯೇ ಹಾಕಿಲ್ಲವಲ್ಲ ಎಂದು ಟಿ.ವಿ. ಮೇಲೆ ಬರೆದು ತೋರಿಸಿತು.

"ಬಿಸಿಲು ಕುಡಿದಿದೆ," ಎಂದ ಸ್ಟುಡಿಯೋದವನು. "ಮನೇಲಿ ಬರೆಯೋ ಸಿ.ಡಿ.ಲಿ ಬರಹ ಕೂರೋದು ಒಂಥರಾ ಬಣ್ಣದ ಮೇಲೆ. ಬಿಸಿಲಿಗಿಟ್ರೆ ಆ ಬಣ್ಣ ಹಾರಿಹೋಗುತ್ತೆ."

"ಒಡೆಯುವ ವಸ್ತು ಅಂತ ನಿಮ್ಮ ಬೆನ್ನಿಗೆ ಅಂಟಿಸಿದ್ದು ತಪ್ಪಾಯ್ತು ಅಳಿಯಂದ್ರೇ," ಅಂಟಪ್ಪ ಹಲ್ಲು ಕಡಿದ. "ಒಡೆದು ಹಾಕುವ ವಸ್ತು ಅಂತ ಅಂಟಿಸಬೇಕಿತ್ತು!"

"ನಿಮ್ಮದು ನೆರಳಲ್ಲೇ ಇತ್ತಲ್ಲ ಮಾವ, ಅದೇನಾಯ್ತು?" ಅಳಿಯನೇನೂ ಕಡಿಮೆಯವನಲ್ಲ.

ಅಂಟಪ್ಪ ಹೊಸಿಲ ಮೇಲೆ ಕುಸಿದು ಕೂತ. ಹೆಂಡತಿಯ ಮುಖ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಆದರೆ ಅವಳು ಏನೋ ಲೆಕ್ಕ ಹಾಕುವವಳ ಹಾಗೆ ಹುಬ್ಬು ಗಂಟಿಕ್ಕಿ ನಿಂತಿದ್ದಳು.

"ರೀ, ಆಗ ನೀವು ಒಂದಷ್ಟು ಸಿ.ಡಿ. ಎಸೀತೀನಿ ಅಂತ ಪಕ್ಕಕ್ಕೆ ತಳ್ಳಿದ್ರಲ್ಲ?"

"ಅವು ರಿಜೆಕ್ಟು ಕಣೇ. ಲೇಬಲ್ ಸಿಗದವು. ಲೇಬಲ್ ಇಲ್ಲದ ಮಾಲು ಗೇಟು ದಾಟಬಾರದು, ನಮ್ಮ ಸೆಕ್ಷನ್ ರೂಲು."

"ಅದರಲ್ಲಿ ಹಗ್ಗದ್ದು ಒಂದಾದ್ರೂ ಇತ್ತಾ?"

ಅಂಟಪ್ಪ ಥಟ್ಟನೆ ತಲೆ ಎತ್ತಿದ. ಇತ್ತು! ಮೊಟ್ಟಮೊದಲು ಬರೆದದ್ದು! ಅದರ ಲೇಬಲ್ ಪ್ರಿಂಟಾಗುವಾಗ ಫೋಟೊದಲ್ಲಿ ಗಂಟಕ್ಕನ ತಲೆ ಅರ್ಧಕ್ಕೆ ಕತ್ತರಿಸಿಹೋಗಿತ್ತು. ಅದಕ್ಕೇ ಅಂಟಿಸದೆ ಬದಿಗೆ ಸರಿಸಿದ್ದ. "ಇತ್ತು ಕಣೇ! ಆದ್ರೆ ಆ ಕಸ ಎಲ್ಲಿ ಹೋಯ್ತೋ!"

"ಕಸ ಅಂತೆ," ಎಂದಳು ಗಂಟಕ್ಕ. "ಪ್ಯಾಕಿಂಗ್‌ನೋರು ಮಾಲು ಎಸೆದಿದ್ದು ಎಲ್ಲಾದ್ರೂ ಕೇಳಿದ್ದೀರಾ?"

ಮನೆಯ ಕಬ್ಬಿಣದ ಬೀರುವಿನ ತಳದಲ್ಲಿ, ಹಳೇ ಕಂಬಳಿಗಳ ಹಿಂದೆ, ಒಂದು ಸೋಪಿನ ರಟ್ಟಿನ ಪೆಟ್ಟಿಗೆ. ಅದರ ದಾರದ ಗಂಟು ಬಿಚ್ಚಲು ಅವಳಿಗೇ ಒಂದು ಗಳಿಗೆ ಬೇಕಾಯಿತು. ಒಳಗೆ ಲೇಬಲ್ ಇಲ್ಲದ ಸಿ.ಡಿ.ಗಳು, ಒಂದೊಂದಕ್ಕೂ ಸೋಪಿನ ಹೊದಿಕೆ ಕಾಗದ ಸುತ್ತಿ, ನಡುನಡುವೆ ರಟ್ಟು ಕೊಟ್ಟು, ಪೆರೇಡಿನ ಪೊಲೀಸರ ಹಾಗೆ ನೆಟ್ಟಗೆ ನಿಂತಿದ್ದವು. ಬಾಯಿ ತೆರೆದದ್ದೇ ತಡ, ಮಲ್ಲಿಗೆ ಸೋಪಿನ ವಾಸನೆ ಕೋಣೆಯಿಡೀ ಹಬ್ಬಿತು.

"ಮಾಲು ನಿಂತಿರಬೇಕು, ಮಲಗಿರಬಾರದು. ಒಂದಕ್ಕೊಂದು ತಾಗಬಾರದು. ಬಿಸಿಲು ಕಾಣಬಾರದು. ಇದು ನಮ್ಮ ಸೆಕ್ಷನ್ ರೂಲು," ಎಂದಳು ಗಂಟಕ್ಕ.

"ಸರಿ ಮಾರಾಯ್ತಿ! ಇದರಲ್ಲಿ ಹಗ್ಗದ್ದು ಯಾವುದು?"

"ನನಗೇನು ಗೊತ್ತು? ನೀವು ಲೇಬಲ್ ಹಾಕಿಲ್ವಲ್ಲ!"

ಜಗತ್ತಿಗೆಲ್ಲ ಚೀಟಿ ಅಂಟಿಸಿದ ಅಂಟಪ್ಪ, ಚೀಟಿಯಿಲ್ಲದ ಆ ಒಂದನ್ನು ಚೀಟಿಯಿಲ್ಲದ ಅಷ್ಟರ ನಡುವೆ ಹುಡುಕಬೇಕು! ಹಾಕಿ ನೋಡೋಣವೆಂದರೆ ಸ್ಟುಡಿಯೋದವನು ಅಷ್ಟರಲ್ಲಿ ಯಾವುದೋ ಮದುವೆಯ ಫೋಟೊಗೆ ಹೊರಟಿದ್ದ. "ನಾಳೆ ಬೆಳಿಗ್ಗೆ ಪ್ಲೇಯರ್ ಹೊತ್ಕೊಂಡು ನೇರ ಕ್ಲಬ್ಬಿಗೇ ಬರ್ತೀನಿ ಮಾವ. ಪೆಟ್ಟಿಗೆ ತನ್ನಿ, ಅಂಟು ಮಾತ್ರ ತರಬೇಡಿ," ಎಂದು ಫೋನಿನಲ್ಲಿ ಹೇಳಿದ.

ಭಾನುವಾರ ಕ್ಲಬ್ಬಿಗೆ ಹೋಗಿ ನೋಡಿದರೆ ಪೇಂಟರ್ ಆಗಲೇ ಏಣಿಯ ಮೇಲೆ! ಬೋರ್ಡಿನ ತುದಿಯಿಂದ ಒಂದೊಂದೇ ವರ್ಷ ಬರೆಯುತ್ತ ಕೆಳಗೆ ಇಳಿಯುತ್ತಿದ್ದ. ಅವನ ಕುಂಚ ಖಾಲಿ ಸಾಲಿಗೆ ಬಂದು ಮುಟ್ಟುವ ಮೊದಲು ಸಿ.ಡಿ. ಸಿಗಬೇಕು. ಪ್ಯಾಕಿಂಗಿನ ಹಳೇ ಹೆಂಗಸರು ಒಂದು ಕಡೆ, ಲೋಡಿಂಗಿನ ಹಳೇ ಗಂಡಸರು ಇನ್ನೊಂದು ಕಡೆ, ನಡುವೆ ಆನೆಯಣ್ಣ ಕಡಲೆಕಾಯಿ ಪೊಟ್ಟಣ ಹಿಡಿದು ಸಿನಿಮಾಕ್ಕೆ ಬಂದವನ ಹಾಗೆ ಕೂತಿದ್ದ.

"ಹಾಕ್ರಪ್ಪ ನಿಮ್ಮ ಸಾಕ್ಷಿ!"

ಮೊದಲನೆಯದನ್ನು ಹಾಕಿದರು. ಟಿ.ವಿ. ಪರದೆಯ ತುಂಬ ಒಂದು ಜೊತೆ ಚಪ್ಪಲಿ. ಚಪ್ಪಲಿ ನಡೆಯಿತು, ನಿಂತಿತು, ಕಾಲು ಕೆರೆದುಕೊಂಡಿತು. ಅಂಟಪ್ಪ ಕ್ಯಾಮೆರಾ ಆಫ್ ಮಾಡಲು ಮರೆತು ಕೈಯಲ್ಲಿ ತೂಗಾಡಿಸಿಕೊಂಡು ಊರೆಲ್ಲ ಸುತ್ತಿದ್ದ ದಿನದ ಚಿತ್ರ ಅದು.

"ಇದು ಯಾರ ಕಾಲು? ಹಗ್ಗದ ಕಾಲಾ?" ಆನೆಯಣ್ಣ ಕೇಳಿದ. ಗಂಡಸರ ಕಡೆ ನಗು.

ಎರಡನೆಯದರಲ್ಲಿ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ ಅಳಿಯ. ಮೂರನೆಯದರಲ್ಲಿ ಮ್ಯಾನೇಜರರ ಬೀಳ್ಕೊಡುಗೆಯ ಭಾಷಣ. ಆಗ ಅದನ್ನು ಪೂರ್ತಿ ಕೇಳಿ ಬದುಕಿ ಉಳಿದವರು ಈಗ, "ತೆಗೀರಿ, ತೆಗೀರಿ!" ಎಂದು ಎರಡೂ ಕಡೆಯಿಂದ ಒಟ್ಟಿಗೆ ಕೂಗಿದರು. ಎಷ್ಟೋ ವರ್ಷಗಳಲ್ಲಿ ಆ ಎರಡು ಸೆಕ್ಷನ್ನು ಒಪ್ಪಿದ ಮಾತು ಅದೊಂದೇ. ಏಣಿಯ ಮೇಲಿನ ಪೇಂಟರ್ ಕೂಡ ತಿರುಗಿ ನೋಡುತ್ತ ನಗುತ್ತಿದ್ದ.

"ನೀನು ಬರಿಯಪ್ಪ!" ಎಂದು ಆನೆಯಣ್ಣ ಗದರಿದ.

ಕುಂಚ ಒಂದು ಸಾಲು ಇಳಿಯಿತು. ಇನ್ನೊಂದು ಸಿ.ಡಿ., ಇನ್ನೊಂದು ಸಾಲು. ಗಂಟಕ್ಕ ಒಂದೊಂದನ್ನೇ ಕಾಗದ ಬಿಡಿಸಿ, ಬೆರಳು ಮೈಗೆ ತಾಗದಂತೆ ಅಂಚನ್ನಷ್ಟೇ ಹಿಡಿದು ಕೊಡುತ್ತಿದ್ದಳು. ಅಂಟಪ್ಪನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು, ಅದೂ ಒಂದು ಗುಳ್ಳೆಯಿಲ್ಲದೆ.

ಪೇಂಟರ್ ಖಾಲಿ ಸಾಲಿನ ವರ್ಷ ಬರೆದು ಮುಗಿಸಿ, ಕುಂಚ ಬಣ್ಣಕ್ಕೆ ಅದ್ದಿ, "ಇಲ್ಲಿ ಏನು ಬರೀಲಿ ಸಾರ್?" ಎಂದು ಕೇಳಿದ.

ಅಷ್ಟರಲ್ಲಿ ಟಿ.ವಿ.ಯಿಂದ ಪೀ ಎಂದು ಒಂದು ಸೀಟಿ!

ಇಡೀ ಕ್ಲಬ್ಬು ತಿರುಗಿತು. ಪರದೆಯ ಮೇಲೆ ಫ್ಯಾಕ್ಟರಿಯ ಅಂಗಳ, ಮಣ್ಣಿನ ಮೇಲೆ ಹಾವಿನಂತೆ ಮಲಗಿದ ಹಗ್ಗ, ಕಪ್ಪು ಕೂದಲಿನ ಗಂಟಕ್ಕ! "ಬಂತು! ಬಂತು!" ಎಂದು ಅಂಟಪ್ಪ ಕುಣಿದೇಬಿಟ್ಟ. ಹಗ್ಗ ಎತ್ತಿದರು, ಬಿಗಿಯಾಯಿತು, ಇನ್ನೇನು ಎಳೆಯಬೇಕು, ಚಿತ್ರ ಗಕ್ಕನೆ ನಿಂತಿತು. ಗಂಟಕ್ಕನ ಮುಖ ಚೌಕ ಚೌಕವಾಗಿ ಒಡೆದು, ಮೂಗು ಒಂದು ಕಡೆ, ಬಾಯಿ ಇನ್ನೊಂದು ಕಡೆ ಹೋಯಿತು.

ಅಂಟಪ್ಪ ಸಿ.ಡಿ. ಹೊರಗೆಳೆದು ಅಂಗಿಯ ತುದಿಯಿಂದ ಸುತ್ತಲೂ ಉಜ್ಜಲು ಹೋದ.

"ಮಾವಾ, ಸುತ್ತ ಉಜ್ಜಬೇಡಿ!" ಸ್ಟುಡಿಯೋದವನು ಅರಚಿದ. "ಸುತ್ತ ಗೀರು ಬಿದ್ರೆ ಬರಹದ ದಾರಿಯೇ ಹೋಗುತ್ತೆ. ನಡುವಿಂದ ಅಂಚಿಗೆ, ನೇರಕ್ಕೆ!"

"ಕೊಡಿ ಇಲ್ಲಿ," ಎಂದು ಗಂಟಕ್ಕ ಗಂಡನ ಕೈಯಿಂದ ಅದನ್ನು ಬಿಡಿಸಿಕೊಂಡಳು. ಕೆಳಮೈಯಲ್ಲಿ ಮಬ್ಬಾದ ಒಂದು ಕಲೆ ಇತ್ತು, ಹೊದಿಕೆ ಕಾಗದದಿಂದ ಹತ್ತಿದ್ದು. ಮೂಸಿದಳು. ಮಲ್ಲಿಗೆ ಸೋಪು!

"ನೋಡಿದ್ರಾ!" ಆನೆಯಣ್ಣ ತೊಡೆ ತಟ್ಟಿಕೊಂಡ. "ಇಲ್ಲೂ ಸೋಪು! ನಾನು ಹೇಳಿರಲಿಲ್ವಾ?"

ಗಂಟಕ್ಕ ಮೆತ್ತನೆಯ ಬಟ್ಟೆ ತೆಗೆದು, ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ, ಹಾಲುಗಲ್ಲದ ಮಗುವಿನ ಮುಖ ಒರೆಸಿದ ಹಾಗೆ ಒರೆಸಿ ಕೊಟ್ಟಳು. ಪ್ಲೇಯರ್ ಅದನ್ನು ಒಳಗೆ ಎಳೆದುಕೊಂಡಿತು. ಕಡಲೆಕಾಯಿ ಆನೆಯಣ್ಣನ ಬಾಯಲ್ಲಿ ಅಗಿಯದೆ ನಿಂತಿತ್ತು.

ಚಿತ್ರ ಮತ್ತೆ ಮೊದಲಿನಿಂದ ಶುರುವಾಯಿತು. ಸೀಟಿಗೆ ಮುಂಚಿನ ಒಂದಷ್ಟು ಹೊತ್ತನ್ನು ಮೊದಲ ಸಲ ಗದ್ದಲದಲ್ಲಿ ಯಾರೂ ನೋಡಿರಲಿಲ್ಲ. ಈಗ ನೋಡಿದರು. ಪರದೆಯ ಮೇಲೆ ಹರೆಯದ ಆನೆಯಣ್ಣ ಎದೆ ಸೆಟೆಸಿ ಬಂದ, ತನ್ನ ಕಡೆಯ ನೆಲವನ್ನು ಕಾಲಿನಿಂದ ತಿಕ್ಕಿ ತಿಕ್ಕಿ ನೋಡಿದ, ಬಗ್ಗಿ ಕೈಯಿಂದಲೂ ಮುಟ್ಟಿದ, ಆಮೇಲೆ ತನ್ನವರ ಕಡೆ ತಿರುಗಿ ಊರಿಗೆಲ್ಲ ಕೇಳುವ ದನಿಯಲ್ಲಿ ಹೇಳಿದ:

"ನೆಲ ಒಣಗಿದೆ ಕಣ್ರೋ, ಹಿಡಿತ ಚೆನ್ನಾಗಿದೆ! ಪಾಪ ಹೆಂಗಸರು, ಮೆಲ್ಲಗೆ ಎಳೀರಿ!"

ಆಹಾ, ಆ ಕ್ಷಣಕ್ಕೆ ಎದ್ದ ಕೇಕೆಯ ರಭಸಕ್ಕೆ ಕ್ಲಬ್ಬಿನ ಹೆಂಚು ಒಂದು ಗೇಣು ಮೇಲೆದ್ದು ಮತ್ತೆ ಕೂತವು. ನಾನು ಸುಳ್ಳು ಹೇಳುವುದಿಲ್ಲ, ಅರ್ಧ ಗೇಣಾದರೂ ಎದ್ದವು. ನಗದವನೊಬ್ಬ ಆನೆಯಣ್ಣ ಮಾತ್ರ. ಆನೆ ಇಂಗು ತಿಂದರೆ ಹೇಗಿರುತ್ತದೆ ಎಂದು ಅವತ್ತು ಎಲ್ಲರಿಗೂ ಗೊತ್ತಾಯಿತು.

ಸೀಟಿ ಮೊಳಗಿತು. ಹಗ್ಗ ಅತ್ತ ಸರಿಯಿತು, ಹೆಂಗಸರ ಕಾಲು ಜಾರಿತು, ಇನ್ನೇನು ಮುಗಿಯಿತು ಎನ್ನುವಾಗ ಸಾಲಿನ ತುದಿಯಲ್ಲಿ ಗಂಟಕ್ಕನ ಹಿಮ್ಮಡಿ ಮಣ್ಣಿಗೆ ಇಳಿಯಿತು. ಅಲ್ಲಿಂದ ಮುಂದೆ ಹಗ್ಗ ಇತ್ತಲೇ. ಕ್ಯಾಮೆರಾ ಹಿಡಿದವನ ಕೈ ಖುಷಿಗೆ ನಡುಗಿ ಚಿತ್ರ ಆಕಾಶಕ್ಕೆ ಹಾರಿದಾಗ, ಹಗ್ಗ ಎಳೆಯುತ್ತಲೇ ಅವಳು ಗುಡುಗಿದ್ದೂ ಕೇಳಿಸಿತು: "ರೀ! ಲೇಬಲ್ ಸೆಕ್ಷನ್ನೋರೇ! ಕ್ಯಾಮೆರಾ ನೆಟ್ಟಗೆ ಹಿಡೀರಿ!" ಕ್ಯಾಮೆರಾ ಹೆದರಿ ಕೆಳಗಿಳಿಯಿತು. ಸರಿಯಾಗಿ ಆ ಹೊತ್ತಿಗೆ ಲೋಡಿಂಗಿನ ಗಂಡಸರು ಒಬ್ಬರ ಮೇಲೊಬ್ಬರು ಧೊಪ್ಪೆಂದು ಬಿದ್ದರು.

ಕ್ಲಬ್ಬಿನಲ್ಲಿ ಹಳೇ ಹೆಂಗಸರೆಲ್ಲ ಎದ್ದು ನಿಂತು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆನೆಯಣ್ಣ ಕಡಲೆಕಾಯಿ ಪೊಟ್ಟಣ ಕೆಳಗಿಟ್ಟ. ಗಂಟಕ್ಕನ ಮುಂದೆ ಬಂದು ಎರಡೂ ಕೈ ಜೋಡಿಸಿದ.

"ಅಕ್ಕಾ, ಬೇರೆ ಯಾರಾದ್ರೂ ಸಾಕ್ಷಿ ಹೇಳಿದ್ರೆ ಜಗಳ ಆಡ್ತಿದ್ದೆ. ನಾನೇ ಹೇಳಿದ್ದೀನಲ್ಲ, ಇನ್ನೇನು ಮಾಡ್ಲಿ?" ಎಂದು ತಾನೂ ನಗತೊಡಗಿದ. ಆಮೇಲೆ ಹೋಗಿ ತಾನೇ ಏಣಿಯನ್ನು ಗಟ್ಟಿಯಾಗಿ ಹಿಡಿದು, "ಬರಿಯಪ್ಪ. ದಪ್ಪಕ್ಷರದಲ್ಲೇ ಬರಿ," ಎಂದ.

ಪೇಂಟರ್ ಬರೆದ. ಗಂಟಕ್ಕ ಅಲುಗಾಡದೆ ನಿಂತು, ಬಣ್ಣ ಹಸಿಯಿರುವಾಗಲೇ, ಶಾಲೆಯ ಮಗುವಿನ ಹಾಗೆ ಒಂದೊಂದೇ ಅಕ್ಷರ ಜೋಡಿಸಿ ಜೋರಾಗಿ ಓದಿದಳು: "ಪ್ಯಾಕಿಂಗ್ ವಿಭಾಗ." ಓದಿ ಮುಗಿಸಿ ಮತ್ತೊಮ್ಮೆ ಓದಿದಳು. ಅಂಟಪ್ಪ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತ, ಬಣ್ಣದ ವಾಸನೆಗೆ ಕಣ್ಣು ಉರಿಯುತ್ತಿದೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಸ್ಟುಡಿಯೋದವನು ಅದೇ ದಿನ ಆ ಸಿ.ಡಿ.ಯಿಂದ ಇನ್ನೆರಡು ತೆಗೆದುಕೊಟ್ಟ, ಅವಸರವಿಲ್ಲದೆ, ನಿಧಾನದ ವೇಗದಲ್ಲಿ. "ಇದೂ ನೂರು ವರ್ಷ ಬರುತ್ತೆ ಅಂತ ನಾನು ಹೇಳಲ್ಲ ಮಾವ. ಆಗಾಗ ಹಾಕಿ ನೋಡ್ತಿರಿ, ಸೋಲೋ ಹಾಗೆ ಕಂಡ್ರೆ ಹೊಸದು ಬರೆಸಿ," ಎಂದ.

ಮನೆಗೆ ಬಂದದ್ದೇ ಅಂಟಪ್ಪನ ಕೈ ರೂಢಿಯಂತೆ ಅಂಟಿನ ಡಬ್ಬಕ್ಕೆ ಹೋಯಿತು. ಗಂಟಕ್ಕ ಪಟ್ಟನೆ ಕೈ ಮೇಲೆ ಒಂದು ಕೊಟ್ಟಳು. ಸ್ಟುಡಿಯೋದವನು ಕೊಟ್ಟಿದ್ದ ಮೆತ್ತನೆ ಮೊನೆಯ ಪೆನ್ನನ್ನು ಗಂಡನ ಕೈಗೆ ಕೊಟ್ಟು, ಸಿ.ಡಿ.ಯ ತೂತಿನ ಸುತ್ತ ಬೆಳ್ಳಿಯಿಲ್ಲದ ಬರೀ ಪ್ಲಾಸ್ಟಿಕ್ಕಿನ ಉಂಗುರ ಇರುತ್ತದಲ್ಲ, ಅಲ್ಲಿ ಇರುವೆಯಂಥ ಅಕ್ಷರದಲ್ಲಿ 'ಹಗ್ಗ' ಎಂದಷ್ಟೇ ಬರೆಸಿದಳು. ಆಮೇಲೆ ಹೊಸ ಕಾಗದ ಸುತ್ತಿ, ಈ ಸಲ ಸೋಪು ತಾಗದ್ದು, ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಗಂಟು ಬಿಗಿದಳು.

ಗಂಡನ ಮುಖ ಬಾಡಿದ್ದು ಅವಳಿಗೆ ಕಾಣದೆ ಇರುತ್ತದೆಯೇ? "ಪೆಟ್ಟಿಗೆಗೆ ಬೇಕಾದ್ರೆ ಅಂಟಿಸ್ಕೊಳ್ಳಿ, ಹೋಗಿ," ಎಂದಳು.

ಅಂಟಪ್ಪ ಮಗುವಿನ ಹಾಗೆ ಅರಳಿದ. ಕಾಗದ ಕತ್ತರಿಸಿ, ಬರೆದು, ಅಂಟು ಬಳಿದು, ಹೆಬ್ಬೆರಳು ನಟ್ಟನಡುವೆ ಊರಿ ಅಂಚಿಗೆ ಒತ್ತಿದ. ಒಂದೂ ಗುಳ್ಳೆ ಇಲ್ಲ. ಆ ಲೇಬಲ್ ಇವತ್ತಿಗೂ ಪೆಟ್ಟಿಗೆಯ ಮೇಲಿದೆ, ಯಾರು ಬೇಕಾದರೂ ಹೋಗಿ ಓದಬಹುದು:

'ಪ್ಯಾಕಿಂಗ್ ಸೆಕ್ಷನ್ ಮಾಲು. ಲೇಬಲ್ ಸೆಕ್ಷನ್ನಿನವರು ಮುಟ್ಟಬಾರದು.'